ಹತ್ತಿ ತುರುಕಿದ ಗೆಜ್ಜೆ

ನಾನು ಒಂದು ಬೆಳ್ಳಿ ಕಾಲ್ಗೆಜ್ಜೆ. ನಮ್ಮ ಜೋಡಿಯಲ್ಲಿ ಬಾಯಿಬಡುಕಿ ನಾನೇ, ತಂಗಿ ಸಾಧು. ಗೋಕಾಕದ ಪತ್ತಾರನೊಬ್ಬ ನನ್ನನ್ನು ಕಾಸಿ, ತಟ್ಟಿ, ಒಂದೊಂದು ಗುಂಡಿನ ಹೊಟ್ಟೆಗೂ ಸಣ್ಣ ಹರಳು ಹಾಕಿದ. ಕಿವಿಯ ಬಳಿ ಅಲ್ಲಾಡಿಸಿ ನಕ್ಕ. ಅಂದೇ ನನಗೆ ಸ್ವಲ್ಪ ಸೊಕ್ಕು ಬಂತು.

ನನ್ನನ್ನು ಕೊಂಡವಳು ಗುರಸಿದ್ದವ್ವ. ಮೊದಲು ಅವಳ ಮಗ ಚನ್ನವೀರನ ಕಾಲಲ್ಲಿ ಕುಣಿದೆ. ಆಮೇಲೆ ಕಪಾಟಿನಲ್ಲಿ, ಅರಿವೆಯ ಗಂಟಿನೊಳಗೆ ಬಹುಕಾಲ ನಿದ್ದೆ ಹೋದೆ. ಎಚ್ಚರವಾದಾಗ ಚನ್ನವೀರನ ಮಗಳು ಚಿನ್ಮಯಿಯ ಪುಟ್ಟ ಕಾಲು ನನ್ನೊಳಗಿತ್ತು. ಅವಳು ಆಗಷ್ಟೇ ನಡೆಯಲು ಕಲಿತಿದ್ದಳು. ಎಲ್ಲಿ ಹೋದರೂ ನಾನು ಚಾಡಿ ಹೇಳುತ್ತಿದ್ದೆ. ಮನೆಯವರು ಕಣ್ಣೆತ್ತದೆಯೇ ಅವಳನ್ನು ಕಾಯುತ್ತಿದ್ದರು.

ಆ ಚಳಿಗಾಲ ಹಕ್ಕಿ ನೋಡಲೆಂದು ಎಲ್ಲರೂ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಟೆಂಟು ಹಾಕಿದೆವು. ಮಂಜಿನಲ್ಲಿ ನೀರಿಗೂ ಆಕಾಶಕ್ಕೂ ಒಂದೇ ಬಣ್ಣ. ಗುರಸಿದ್ದವ್ವ ಮೊಮ್ಮಗಳಿಗೆ ಕೌದಿ ಹಾಸಿದಳು, ಸೊಳ್ಳೆಗೆಂದು ಬೇವಿನ ಸೊಪ್ಪಿನ ಹೊಗೆ ಹಾಕಿದಳು, ತಂಗಾಳಿ ಹೊಗಬಾರದೆಂದು ಕಿವಿಗೆ ಹತ್ತಿ ಇಟ್ಟಳು.

ಬೆಳಗಿನಲ್ಲಿ ಹೆಬ್ಬಾತುಗಳು ಇಳಿದವು. ಚನ್ನವೀರ ಕ್ಯಾಮೆರಾ ಹಿಡಿದ. ನಾನು ಘಲ್ ಎಂದೆ, ಹಕ್ಕಿಗಳು ಹಾರಿದವು. "ಈ ಗೆಜ್ಜಿ ಒಂದು! ಬಿಚ್ಚಿದ್ರ ಅವ್ವ ಬೈತಾಳ," ಎಂದು ಗೊಣಗಿದವನು, ಕಿವಿಗೆಂದು ತಂದ ಹತ್ತಿಯನ್ನೇ ಕಡ್ಡಿಯಿಂದ ನಮ್ಮಿಬ್ಬರ ಸೀಳುಗಳಿಗೆ ತುರುಕಿದ.

ಹಕ್ಕಿಗಳು ಮತ್ತೆ ಬಂದವು. ಅವನು ಲೋಕ ಮರೆತ. ಮಗುವಿನ ತಾಯಿ ಟೆಂಟಿನೊಳಗೆ ಇನ್ನೂ ಮಲಗಿದ್ದಳು. ಚಿನ್ಮಯಿ ಕೌದಿ ಬಿಟ್ಟು ಎದ್ದಳು. ಬಿಳಿ ಮಂಜಿನೊಳಗೆ ಒಂದೊಂದೇ ಹೆಜ್ಜೆ, ನೀರಿನ ಕಡೆಗೆ. ನಾನು ಕೂಗಿದೆ, ಬಾಯಿ ತುಂಬ ಹತ್ತಿ. ತಣ್ಣನೆಯ ಕೆಸರು ತಾಗಿತು, ಆಮೇಲೆ ನೀರು. ಅಂಥ ಸಂಕಟ ನಾನು ಪತ್ತಾರನ ಬೆಂಕಿಯಲ್ಲೂ ಪಟ್ಟಿರಲಿಲ್ಲ.

ಮರದಡಿ ಚಹಾ ಕಾಸುತ್ತಿದ್ದ ಗುರಸಿದ್ದವ್ವ ತಟ್ಟನೆ ತಲೆ ಎತ್ತಿದಳು.

"ಚನ್ನವೀರಾ, ಕೂಸು ಎಲ್ಲೈತೋ? ಗೆಜ್ಜಿ ಸಪ್ಪಳಾನ ಇಲ್ಲಲ್ಲ!"

"ಇಲ್ಲೇ ಐತಿ ಬೇ, ನಾನ ಹತ್ತಿ..."

ಅವನ ಮಾತು ಮುಗಿಯುವ ಮೊದಲೇ ಅವಳು ಸೆರಗು ಬಿಗಿದು ಓಡಿದ್ದಳು. ಸೊಂಟದ ತನಕ ನೀರಿಗಿಳಿದಿದ್ದ ಮಗುವನ್ನು ಬಾಚಿ ಎತ್ತಿಕೊಂಡಳು.

"ಹಕ್ಕಿ ನಾಳೆನೂ ಬರ್ತಾವೋ ಮಗನ," ಎಂದಳು ಅಷ್ಟೇ. ಅವನು ಕ್ಯಾಮೆರಾ ಬದಿಗಿಟ್ಟು, ಸೂಜಿಯಿಂದ ಒಂದೊಂದೇ ಗುಂಡಿನ ಹತ್ತಿ ತೆಗೆದ. ಮಗುವನ್ನು ಕಾಯುವವಳು ನಾನೇ ಎಂದು ಬೀಗಿದ್ದೆ. ಕಾದದ್ದು ಮುದುಕಿಯ ಕಿವಿ.

ಈಗ ನನ್ನ ಬೆಳ್ಳಿ ಕಪ್ಪಾಗಿದೆ. ಚಿನ್ಮಯಿ ಕಾಲೇಜು ಹುಡುಗಿ. ಗುರಸಿದ್ದವ್ವನಿಗೆ ಮರೆವು, ಬಾಗಿಲು ತೆರೆದಿದ್ದರೆ ಎದ್ದು ಎತ್ತಲೋ ಹೊರಡುತ್ತಾಳೆ. ಒಂದು ದಿನ ಮೊಮ್ಮಗಳು ನಮ್ಮಿಬ್ಬರನ್ನೂ ಹುಡುಕಿ ತೆಗೆದು ಅಜ್ಜಿಯ ಊರುಗೋಲಿಗೆ ಕಟ್ಟಿದಳು.

"ಇದ್ಯಾಕವಾ, ನಾನೇನು ಕೂಸೇನು?"

"ಹೌದು ಆಯಿ, ನನ್ನ ಕೂಸು."

ಹಿತ್ತಲಿನ ಎಳೆಬಿಸಿಲಿನಲ್ಲಿ ಮುದುಕಿ ನಿಧಾನ ನಡೆಯುತ್ತಾಳೆ. ನಾನೂ ನಿಧಾನ ನುಡಿಯುತ್ತೇನೆ. ಕೋಲು ಒಂದು ಗಳಿಗೆ ನಿಂತರೆ ಸಾಕು, ಒಳಗೆ ಚಿನ್ಮಯಿ ಪುಸ್ತಕ ಮುಚ್ಚುವ ಸದ್ದು ಕೇಳುತ್ತದೆ.