ಸಭಾಂಗಣದಲ್ಲಿ ಇಳಿಸಿದ ಹದಿನಾಲ್ಕು ಕುರ್ಚಿಗಳು

ತಪ್ಪಾಯಿತು ಸ್ವಾಮಿ, ಗೊತ್ತಾಗಲಿಲ್ಲ ಎಂದರೆ ನಂಬುತ್ತಾರೆಯೇ? ಹದಿನೈದು ವರ್ಷದಿಂದ ಕುರ್ಚಿಗೆ ಮೆತ್ತೆ ಹೊದಿಸುವವನಿಗೆ ಕುರ್ಚಿ ಎಲ್ಲಿಡಬೇಕೆಂದು ತಿಳಿಯದೇ ಎಂದು ಕೇಳಿದರೆ? ಶಾಲೆಯ ಗೇಟಿನೊಳಗೆ ಗಾಡಿ ನಿಲ್ಲಿಸಿ ಅವನು ಸ್ಟಿಯರಿಂಗ್ ಬಿಡದೆ ಕೂತಿದ್ದ. ಎಡಕ್ಕೆ ಹೋದರೆ ಆಡಳಿತ ಸಮಿತಿಯ ಕೋಣೆ, ಬಲಕ್ಕೆ ಹೋದರೆ ಸಭಾಂಗಣ. ಬೆನ್ನ ಹಿಂದೆ ಹೊಸ ಬಟ್ಟೆ ಹೊದ್ದ ಸಮಿತಿಯ ಹದಿನಾಲ್ಕು ಕುರ್ಚಿಗಳು. ಪೋಷಕರನ್ನೂ ಕರೆದಿದ್ದ ಸಭೆ ನಾಲ್ಕು ಗಂಟೆಗೆ, ಆಗಲೇ ಮೂರೂವರೆ.

ಸಮಿತಿಯ ತೀರ್ಮಾನ ಇಷ್ಟೇ: ನಾಲ್ಕನೇ ತರಗತಿಯ ಎರಡೂ ವಿಭಾಗಗಳನ್ನು ಸೇರಿಸಿ ಸಭಾಂಗಣದಲ್ಲಿ ಕೂರಿಸುವುದು, ಖಾಲಿಯಾದ ಕೋಣೆಗಳಲ್ಲಿ ಕಂಪ್ಯೂಟರ್ ಇಡುವುದು. ಅವನ ಮಗಳು ನಾಲ್ಕನೇ ತರಗತಿಯವಳು, ಎರಡೂ ಕಿವಿಗೆ ಯಂತ್ರ ಹಾಕಿಕೊಳ್ಳುವವಳು. ಚಿಕ್ಕ ಕೋಣೆಯಲ್ಲಿ ಟೀಚರ ಮಾತು ಅವಳಿಗೆ ಸಲೀಸಾಗಿ ಸಿಗುತ್ತಿತ್ತು. ಈ ವರ್ಷ ಮೊದಲ ಸಲ ಮನೆಗೆ ಬಂದು, "ಅಪ್ಪಾ, ಇವತ್ತು ನಾನೇ ಕೈ ಎತ್ತಿದೆ" ಎಂದಿದ್ದಳು. ಸಭಾಂಗಣಕ್ಕಾದರೋ ಕಲ್ಲಿನ ನೆಲ, ತಗಡಿನ ಸೂರು, ಬೋಳು ಗೋಡೆ. ನೋಡೋಣವೆಂದು ಅಲ್ಲಿ ಮೂರು ದಿನ ಪಾಠ ಮಾಡಿಸಿದಾಗ ಅವಳು ಯಂತ್ರಗಳನ್ನು ಕಳಚಿ ಕಂಪಾಸ್ ಪೆಟ್ಟಿಗೆಯಲ್ಲಿಟ್ಟು ಸುಮ್ಮನೆ ಕೂತಿದ್ದಳು.

"ಎಲ್ಲಾ ಮಾತೂ ಒಂದರ ಮೇಲೊಂದು ಬೀಳ್ತವೆ ಅಪ್ಪಾ. ಅದಕ್ಕಿಂತ ಏನೂ ಕೇಳದೆ ಇರೋದೇ ವಾಸಿ."

ಕಳೆದ ತಿಂಗಳು ಗಂಡ ಹೆಂಡತಿ ಇಬ್ಬರೂ ಸಮಿತಿಯ ಕೋಣೆಗೇ ಹೋಗಿ ಸಮಿತಿಯ ಮುಂದೆ ನಿಂತಿದ್ದರು. ಮಾತೆಲ್ಲ ಹೆಂಡತಿಯದು. ಅವನಿಗೆ ಬೀದಿಯವರು ಇಟ್ಟ ಹೆಸರೇ ಬಾಯಿಬೀಗ. ಅಧ್ಯಕ್ಷರು ಸಮಾಧಾನವಾಗಿಯೇ ಹೇಳಿದ್ದರು: "ಮುಂದಿನ ಬೆಂಚಲ್ಲಿ ಕೂರಿಸೋಣ ತಾಯಿ. ಇಲ್ಲಿ ಕೇಳೋ ದನಿ ಅಲ್ಲಿ ಕೇಳಲ್ವಾ?"

ಅವನು ಸುತ್ತ ನೋಡಿದ್ದ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಎರಡು ಪದರದ ಪರದೆ, ಹಿಂದೊಮ್ಮೆ ತಾನೇ ಹೊದಿಸಿದ ಮೆತ್ತೆಗಳು. ಇಲ್ಲಿ ಪಿಸುಗುಟ್ಟಿದರೂ ಕೇಳುತ್ತದೆ. ಗೋಡೆಯಿಂದ ಗೋಡೆಗೆ ಹಾರುವ ದನಿಯನ್ನು ಬಟ್ಟೆ ನುಂಗುತ್ತದೆ. ಅದು ಅವನ ಕೈಗೆ ಗೊತ್ತಿದ್ದ ಸಂಗತಿ, ಬಾಯಿಗೆ ಬರಲಿಲ್ಲ. ಈ ಸಮಿತಿ ಒಂದು ದಿನವೂ ಸಭಾಂಗಣದಲ್ಲಿ ಕೂತದ್ದಿರಲಿಲ್ಲ.

"ನೀವೂ ಒಂದು ಮಾತಾಡಿದ್ರೆ ಮುತ್ತು ಉದುರಿ ಹೋಗ್ತಿತ್ತಾ?" ಎಂದಿದ್ದಳು ಹೆಂಡತಿ, ದಾರಿಯಲ್ಲಿ.

ಅವನು ಗಾಡಿಯನ್ನು ಬಲಕ್ಕೆ ತಿರುಗಿಸಿದ.

ಏಳು ಕುರ್ಚಿಗಳನ್ನು ವೇದಿಕೆಯ ಬಳಿ ಇಟ್ಟ. ಉಳಿದ ಏಳನ್ನು ಕಟ್ಟಕಡೆಗೆ, ಬಾಗಿಲ ಪಕ್ಕದಲ್ಲಿ. ನಡುವೆ ಮಕ್ಕಳ ಬೆಂಚುಗಳು. ಕೊನೆಯದನ್ನು ಇಳಿಸುವಾಗ ಗುಮಾಸ್ತ ಏದುಸಿರು ಬಿಡುತ್ತಾ ಓಡಿಬಂದ.

"ಅಯ್ಯೋ ಮಾರಾಯ, ಬುದ್ಧಿ ಎಲ್ಲಿ ಅಡವಿಟ್ಟು ಬಂದೆ? ಕಮಿಟಿ ರೂಮಿಗೆ ಅಂತ ಹೇಳಿರ್ಲಿಲ್ವಾ?"

ಅವನು ತಲೆ ಕೆರೆದುಕೊಂಡ. ಅಷ್ಟರಲ್ಲಿ ಪೋಷಕರು ಮಕ್ಕಳನ್ನು ಕರೆದುಕೊಂಡು ಬರತೊಡಗಿದ್ದರು. ಎಲ್ಲರೂ ಸೇರಿ ಅರವತ್ತು ಮಂದಿ. ಅಧ್ಯಕ್ಷರು ಗಡಿಯಾರ ನೋಡಿದರು. "ಇರಲಿ ಬಿಡ್ರೀ, ಇಲ್ಲೇ ಕೂರೋಣ. ಮಕ್ಕಳು ಕೂರೋ ಜಾಗ ತಾನೆ?"

ಮಕ್ಕಳ ಬೆಂಚಿನಲ್ಲಿ ಸದಸ್ಯರು ಹೇಗೆ ಕೂತಾರು? ಕುರ್ಚಿ ಇದ್ದಲ್ಲೇ ಹೋಗಿ ಕೂತರು, ಅರ್ಧ ಜನ ಮುಂದೆ, ಅರ್ಧ ಜನ ಹಿಂದೆ.

ಅಧ್ಯಕ್ಷರು ತೀರ್ಮಾನವನ್ನು ಓದತೊಡಗಿದರು. ಅವರ ಮೊದಲ ಸಾಲು ಸೂರಿಗೆ ಬಡಿದು ಮರಳುವಾಗ ದಾರಿಯಲ್ಲಿ ಎರಡನೆಯ ಸಾಲಿಗೆ ಡಿಕ್ಕಿ ಹೊಡೆಯಿತು.

"ಏನಂದ್ರಿ?" ಹಿಂದಿನಿಂದ ಖಜಾಂಚಿ ಕೂಗಿದರು. ಅಧ್ಯಕ್ಷರು ದನಿ ಏರಿಸಿದರು. ಇನ್ನೂ ಕೆಟ್ಟಿತು.

ಮೊಮ್ಮಗನ ಜೊತೆ ಬಂದಿದ್ದ ಅಜ್ಜಿಯೊಬ್ಬರು ಎದ್ದು ನಿಂತರು. "ಯಜಮಾನ್ರೇ, ಕೂಗಬೇಡಿ! ಮಾತಾಡ್ತಿರೋರು ನೀವೊಬ್ರೇ, ನಮಗೆ ಮೂರು ಜನ ಜಗಳ ಆಡ್ದಂಗೆ ಕೇಳ್ತಿದೆ!"

ಜನ ನಕ್ಕರು. ಆ ನಗುವೇ ಸೂರಿನಲ್ಲಿ ಗುಡುಗಿ, ನಕ್ಕವರೇ ಕಿವಿ ಮುಚ್ಚಿಕೊಂಡರು. ಖಜಾಂಚಿ ಕಿವಿಗೆ ಕೈಯಾನಿಸಿಕೊಂಡು ಎರಡನೇ ಬೆಂಚಿನವರೆಗೆ ನಡೆದು ಬಂದು ಯಾರನ್ನೆಂದಿಲ್ಲದೆ ಕೇಳಿದರು: "ಅವರು ಹೇಳಿದ್ದೇನು?"

"ಎರಡೂ ವಿಭಾಗ ಸೇರಿಸಿದ್ರೆ ಮಕ್ಕಳಿಗೆ ಅನುಕೂಲ ಅಂದ್ರು," ಎಂದಳು ಅಲ್ಲಿ ಕೂತಿದ್ದ ಹುಡುಗಿ. ಅವನ ಮಗಳು.

"ನಿನಗೆ ಹೇಗೆ ಕೇಳಿಸ್ತು ಮಗು?"

"ಕೇಳಿಸ್ಲಿಲ್ಲ. ಬಾಯಿ ನೋಡ್ತಿದ್ದೆ." ಅವಳು ಕಂಪಾಸ್ ಪೆಟ್ಟಿಗೆ ತೆರೆದು ಯಂತ್ರಗಳನ್ನು ತೋರಿಸಿದಳು. "ಟೀಚರ್ ಬೋರ್ಡ್ ಕಡೆ ತಿರುಗಿದ್ರೆ ಅದೂ ಇಲ್ಲ."

ಅಷ್ಟು ಹೊತ್ತಿಗೆ ಸಭಾಂಗಣ ಪೂರ್ತಿ ನಿಶ್ಶಬ್ದವಾಗಿತ್ತು. ಆ ಮಾತು ಎಲ್ಲರಿಗೂ ಮುಟ್ಟಿತು. ಅಧ್ಯಕ್ಷರು ಕಾಗದವನ್ನು ಗುಮಾಸ್ತನ ಕೈಗಿತ್ತು, "ನೀನು ಓದು" ಎಂದು ತಾವು ಬಾಗಿಲವರೆಗೆ ನಡೆದುಹೋಗಿ ಖಜಾಂಚಿ ಬಿಟ್ಟುಬಂದ ಕುರ್ಚಿಯಲ್ಲಿ ಕೂತರು. ಗುಮಾಸ್ತ ಒಂದು ಪುಟ ಓದಿದ. ಅಧ್ಯಕ್ಷರು ತಲೆ ತಗ್ಗಿಸಿ ಕೇಳಿದರು, ಆಮೇಲೆ ಕೈಯೆತ್ತಿ ನಿಲ್ಲಿಸಿದರು. ಹಿಂದಿರುಗಿ ಬಂದು ಕಾಗದವನ್ನು ಎರಡಾಗಿ ಹರಿದರು.

"ಮಕ್ಕಳು ಅವರವರ ಕೋಣೆಯಲ್ಲೇ ಇರಲಿ. ಕಂಪ್ಯೂಟರ್ ಇಲ್ಲಿಗೆ ಬರಲಿ."

"ಬರಲಿ, ಅವಕ್ಕೇನು ಕಿವಿ ಇದ್ಯಾ?" ಎಂದರು ಅಜ್ಜಿ.

ಒಪ್ಪಿಗೆ ಇದ್ದವರು ಕೈಯೆತ್ತಿ ಎಂದಾಗ ಹದಿನಾಲ್ಕು ಕೈಗಳೂ ಮೇಲೆದ್ದವು. ಅವನ ಮಗಳಿಗೆ ಓಟಿರಲಿಲ್ಲ. ಆದರೂ ಎಲ್ಲರಿಗಿಂತ ಎತ್ತರಕ್ಕೆ, ಬೆಂಚಿನ ಮೇಲೆ ಹತ್ತಿ ನಿಂತು, ಕೈ ಎತ್ತಿದಳು. ಚಪ್ಪಾಳೆ ಗುಡುಗುಡಿಸಿತು, ಈ ಸಲ ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ.

ಅವನು ಕುರ್ಚಿಗಳನ್ನು ಒಂದೊಂದಾಗಿ ಹೊತ್ತು ಎಡಗಡೆಯ ಕೋಣೆಗೆ ಸಾಗಿಸಿದ. ಗುಮಾಸ್ತ ಬೆನ್ನು ತಟ್ಟಿದ. "ನಿನ್ನ ಪೆದ್ದುತನದಿಂದಲೂ ಒಂದು ಒಳ್ಳೇದಾಯ್ತು ನೋಡಪ್ಪಾ."

ಸಭೆಗೆ ಬಂದಿದ್ದ ಹೆಂಡತಿ ಒಂದು ಕುರ್ಚಿಯ ಬೆನ್ನು ಹಿಡಿದುಕೊಂಡು ಅವನ ಮುಖವನ್ನೇ ದಿಟ್ಟಿಸಿದಳು. "ಹದಿನೈದು ವರ್ಷದಲ್ಲಿ ಇವತ್ತೇ ಎಡ ಬಲ ಮರೆತ್ರಾ?"

ಅವನು ಕುರ್ಚಿಯ ಇನ್ನೊಂದು ತುದಿಯನ್ನು ಎತ್ತಿದ. ಮರೆತಿರಲಿಲ್ಲ ಎಂದು ಅವನು ಅವಳಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.