ಮಾಳಿಗೆಯ ಮೇಲೆ ಒಣಗಿದ ಬೀಜ

ಶಾಂತಯ್ಯನ ಹಟದ ಮುಂದೆ ನಮ್ಮ ಸಾಹೇಬರೂ ಕೈ ಚೆಲ್ಲಿದ್ದರು. ಧಾರವಾಡದ ಒಂದು ಸಣ್ಣ ಬೀಜ ಪ್ರಯೋಗಶಾಲೆಯಲ್ಲಿ ಅವನೂ ನಾನೂ ಸಹಾಯಕರು. ಬೀಜಕ್ಕೆ ವಿಕಿರಣ ಕೊಟ್ಟು ಹೊಸ ತಳಿ ತೆಗೆಯುವ ಹುಚ್ಚು ಎಲ್ಲರಿಗೂ ಹಿಡಿದಿದ್ದ ಕಾಲ, ಅರವತ್ತರ ದಶಕ. ನಾವು ಮುಂಬಯಿಗೆ ಕಳಿಸಿ ವಿಕಿರಣ ಕೊಡಿಸಿ ತಂದ ಜೋಳವೆಲ್ಲ ಮೊಳಕೆಯಲ್ಲೇ ಸಾಯುತ್ತಿತ್ತು. ವಿಕಿರಣ ಹೆಚ್ಚಾಯಿತು ಎಂದರು ಸಾಹೇಬರು. ಅಲ್ಲ, ಬೀಜವೇ ಅತಿಯಾಗಿ ಒಣಗಿದೆ ಎಂದ ಶಾಂತಯ್ಯ. ಕಾಳಿನಲ್ಲಿ ತುಸು ತೇವ ಉಳಿಸಿದರೆ ಅದು ಅಷ್ಟೇ ವಿಕಿರಣವನ್ನು ತಾಳಿಕೊಳ್ಳುತ್ತದೆ, ಒಣಗಿದ್ದು ತಾಳುವುದಿಲ್ಲ ಎಂಬುದು ಅವನ ವಾದ. ಸಾಹೇಬರು ಮೂಗು ಮುರಿದು, ಒಂದೇ ಒಂದು ಸಲ ಮಾಡಿ ತೋರಿಸು, ಸುಳ್ಳಾದರೆ ಮತ್ತೆ ಈ ಮಾತು ಎತ್ತಬೇಡ ಎಂದರು.

ಅವನು ಎತ್ತರದ ಗಾಜಿನ ಭರಣಿಗಳನ್ನು ತಂದ. ಕೆಲವುಗಳ ತಳದಲ್ಲಿ ಸುಣ್ಣದ ಹರಳು ಹಾಕಿದ, ಅದು ತೇವ ಹೀರಲಿ ಎಂದು. ಉಳಿದವುಗಳಲ್ಲಿ ಉಪ್ಪು ನೀರು ಹಾಕಿದ, ಕಾಳಿನಲ್ಲಿ ತೇವ ಉಳಿಯಲಿ ಎಂದು. ಮೇಲೆ ಜೋಳದ ಪುಟ್ಟ ಚೀಲಗಳನ್ನು ತೂಗಬಿಟ್ಟು ಬಾಯಿ ಬಿಗಿದ. ದಸರೆಗೆ ಪ್ರಯೋಗಶಾಲೆಗೆ ಸುಣ್ಣ ಬಳಿಯುತ್ತಾರೆಂದು ಎಲ್ಲವನ್ನೂ ಮನೆಗೆ ಒಯ್ದ. ಅಷ್ಟರಲ್ಲಿ ಕಾಮಾಲೆ ಬಂದು ಹುಬ್ಬಳ್ಳಿಯ ಆಸ್ಪತ್ರೆ ಸೇರಬೇಕಾಯಿತು. ಹೋಗುವಾಗ ಹೆಂಡತಿ ಮುರಿಗೆವ್ವನಿಗೆ ಹೇಳಿದ್ದು ಇಷ್ಟೇ: ಪ್ರಯೋಗಶಾಲೆಯ ಸಿಪಾಯಿ ಬಂದಾಗ ಚೀಲಗಳನ್ನು ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು ಕೊಡು.

ಮುರಿಗೆವ್ವ ಸುಳ್ಳ ಎಂಬ ಹಳ್ಳಿಯ ಒಕ್ಕಲು ಮನೆಯ ಮಗಳು. ಬಿತ್ತುವ ಜೋಳವನ್ನು ಹಲ್ಲಿಗೆ ಕಟಂ ಎನ್ನುವ ತನಕ ಒಣಗಿಸುವ ಮನೆ ಅದು. ಭರಣಿ ತೆರೆದರೆ ತಳದಲ್ಲಿ ನೀರು, ಚೀಲ ಮೂಸಿದರೆ ಮುಗ್ಗಲು ವಾಸನೆ. ಕಾಯಿಲೆಯ ಗಂಡನಿಗೆ ನೀರು ಹೊಕ್ಕಿದ್ದು ಕಂಡಿಲ್ಲ ಎಂದುಕೊಂಡಳು. ಸಿಪಾಯಿ ಬರುವ ತನಕ ದಿನವೂ ಮಾಳಿಗೆಯ ಮೇಲೆ ಒಂದೊಂದು ಚೀಲದ ಕಾಳನ್ನು ಬೇರೆ ಬೇರೆ ಹರವಿ, ಅದರದರ ಚೀಟಿಗೆ ಕಲ್ಲು ಹೇರಿ, ಗುಬ್ಬಿ ಕಾಯ್ದಳು. ಸಂಜೆ ಒಲೆಯ ಹತ್ತಿರ ಇಟ್ಟಳು. ಒಂದು ಕಾಳೂ ಬೆರೆಯಲಿಲ್ಲ.

ಇದೊಂದೂ ನನಗೆ ಗೊತ್ತಿರಲಿಲ್ಲ. ಡಬ್ಬಿಗಳು ಮುಂಬಯಿಗೆ ಹೋಗಿ ಬಂದವು, ನಾನು ಬಿತ್ತಿದೆ. ಎಲ್ಲ ಚೀಲದ ಸಸಿಗಳೂ ಉಗುರುದ್ದ ಎದ್ದು, ಹಳದಿಯಾಗಿ, ಸತ್ತವು. ಆ ಸುದ್ದಿ ಹೊತ್ತು ಹುಬ್ಬಳ್ಳಿಗೆ ಹೋದೆ.

ಶಾಂತಯ್ಯ ಅರಿಶಿನ ಬಳಿದ ಹಾಗೆ ಮಲಗಿದ್ದ. ಹಸಿ ಇದ್ದವೂ ಹೋದವೇ ಎಂದು ಕೇಳಿದ. ಹೌದು ಎಂದೆ. ಕಣ್ಣು ಮುಚ್ಚಿಕೊಂಡ. ಪಕ್ಕದಲ್ಲಿ ಗಂಜಿ ಆರಿಸುತ್ತಿದ್ದ ಮುರಿಗೆವ್ವ ತಲೆಯೆತ್ತಿದಳು.

"ಹಸೀವು ಎಲ್ಲಿದ್ದುವ್ರಿ, ಅಣ್ಣಾರ? ಮುಗ್ಗಾಕತ್ತಿದ್ದುವು. ನಾ ಎಲ್ಲಾ ಛಲೋತ್ನಂಗ ಒಣಗಿಸೇ ಕೊಟ್ಟೇನಿ."

ಅಷ್ಟು ಹೇಳಿ ಗಂಡನ ಮುಖ ನೋಡಿದಳು. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ, ತೆರೆದೇಬಿಟ್ಟಿತ್ತು. ಶಾಂತಯ್ಯ ನನ್ನ ಮಣಿಕಟ್ಟು ಹಿಡಿದು ಒತ್ತಿದ. ಆ ಬಡಕಲು ಕೈಯಲ್ಲಿ ಅಷ್ಟು ಕಸುವು ಇದ್ದೀತೆಂದು ನಾನು ಎಣಿಸಿರಲಿಲ್ಲ.

"ಛಲೋ ಮಾಡಿದಿ," ಎಂದ ಅವಳಿಗೆ. ಆಮೇಲೆ ಗಂಜಿ ಕೇಳಿ ಕುಡಿದ.

ದೀಪಾವಳಿಗೆ ಮುಂಚೆ ಹೋಗಿಬಿಟ್ಟ. ಬೀಜ ನಡುವೆ ಒಣಗಿತ್ತು, ಮತ್ತೊಮ್ಮೆ ಮಾಡಿ ನೋಡೋಣ ಎಂದು ಸಾಹೇಬರ ಮುಂದೆ ಕೂಗಾಡಿದೆ. ಹೇಗೆ ಒಣಗಿತು ಎಂದು ಕೇಳಿದರು. ಸತ್ತವನ ಕೈ ನನ್ನ ಮಣಿಕಟ್ಟಿನ ಮೇಲೇ ಇತ್ತು, ಮುರಿಗೆವ್ವನ ಹೆಸರು ಎತ್ತಲಿಲ್ಲ. ಕೋಪದಲ್ಲಿ ಬಾಗಿಲು ದೂಡಿಕೊಂಡು ಹೊರಬಂದೆ.

ಶ್ರದ್ಧಾಂಜಲಿಯ ಸಭೆಗೆ ಮುರಿಗೆವ್ವನನ್ನು ಕರೆಸಿದ್ದರು. ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಸಾಹೇಬರು ಶಾಂತಯ್ಯನ ನಿಷ್ಠೆಯನ್ನು ಹೊಗಳಿದರು. ತೇವದ ಬೀಜ ಬದುಕುತ್ತದೆ, ಒಣ ಬೀಜ ಸಾಯುತ್ತದೆ ಎಂದು ಪಾಪ ನಂಬಿದ್ದ, ಅದೊಂದು ಸುಳ್ಳಾಯಿತು, ಎಲ್ಲವೂ ಸತ್ತವು ಎಂದರು. ಎದ್ದು ನಿಲ್ಲಬೇಕೆಂದುಕೊಂಡೆ, ಅವಳ ಬೆನ್ನು ನೋಡಿ ಕೂತೆ.

ಎದ್ದವಳು ಅವಳು.

"ಅವರದು ಸುಳ್ಳಾಗಿಲ್ರಿ, ಸಾಹೇಬ್ರ. ಹಸಿ ಕಾಳು ಮುಂಬೈಕ್ಕ ಹೋಗೇ ಇಲ್ಲ. ಒಣಗಿಸಿದಾಕಿ ನಾನು."

ಸಾಹೇಬರು ಕನ್ನಡಕ ತೆಗೆದು, ಮುಂದಿನ ಹಂಗಾಮಿಗೆ ಶಾಂತಯ್ಯನ ಹೆಸರಿನಲ್ಲೇ ಮತ್ತೆ ಬಿತ್ತೋಣ ಎಂದರು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಮನೆಗೆ ಬಿಡಲು ಜೊತೆಗೆ ನಡೆದೆ. ದಾರಿಯಲ್ಲಿ ಒಂದು ಕಟ್ಟೆಯ ಮೇಲೆ ಕುಸಿದು ಕೂತಳು. ಆವತ್ತು ಆಸ್ಪತ್ರೆಯಲ್ಲೇ ಶಾಂತಯ್ಯನಿಗೂ ನನಗೂ ಇದು ತಿಳಿದಿತ್ತೇ ಎಂದು ಕೇಳಿದಳು. ಹೌದು ಎಂದು ತಲೆಯಾಡಿಸಿದೆ. ಬಹಳ ಹೊತ್ತು ಅತ್ತಳು.

"ಅವರು ಒಂದು ಮಾತು ಬೈಬಾರದಾಗಿತ್ತೇನ್ರಿ, ಅಣ್ಣಾರ? ಬೈದಿದ್ರ ಕಾಲಿಗಿ ಬಿದ್ದು ತಪ್ಪಾತ್ರಿ ಅಂತಿದ್ದೆ. ಈಗ ಯಾರಿಗಿ ಅನ್ಲಿ?"