ಒಂದು ಸಣ್ಣ ದೋಷ

ಕೆಟಲ್‌ಗೆ ಒಂದು ದೋಷ ಬೇಕಾಗಿತ್ತು. ಗುಣಗಳು ಮೂರು ಆಗಲೇ ಸಾಲಾಗಿ ನಿಂತಿದ್ದವು: ನೀರು ಬೇಗ ಕಾಯುತ್ತದೆ, ಹಿಡಿ ಬಿಸಿಯಾಗುವುದಿಲ್ಲ, ತೊಳೆಯುವುದು ಸುಲಭ. ಕೆಳಗೆ ‘ದೋಷ’ ಎಂಬಲ್ಲಿ ಜಾಗ ಖಾಲಿ ಬಿದ್ದಿತ್ತು. ಊಟದ ಮೇಜಿನ ಒಂದು ಮೂಲೆಯನ್ನೇ ಆಫೀಸು ಮಾಡಿಕೊಂಡಿದ್ದ ತಮ್ಮ, ಎಂದೂ ಕಣ್ಣಾರೆ ಕಂಡಿರದ ಆ ಕೆಟಲ್ಲಿನ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ.

ಅವನದು ಮನೆಸಾಮಾನುಗಳ ಬ್ಲಾಗು. ಯಾವ ಮಿಕ್ಸಿ ಕೊಳ್ಳಬೇಕು, ಯಾವ ಕುರ್ಚಿ ಬೆನ್ನಿಗೆ ಒಳ್ಳೆಯದು ಎಂದು ಬರೆದು ಕೊನೆಗೊಂದು ಲಿಂಕ್ ಇಡುತ್ತಾನೆ. ಓದಿದವರು ಅದನ್ನು ಒತ್ತಿಕೊಂಡು ಹೋಗಿ ಸಾಮಾನು ಕೊಂಡರೆ ಅಂಗಡಿಯವರು ಇವನಿಗೊಂದು ಪಾಲು ಕೊಡುತ್ತಾರೆ. ಹೊಗಳಿದ್ದಕ್ಕೆ ಕೂಲಿ ಎಂದು ಯಾರಾದರೂ ಅಂದರೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಬರೀ ಹೊಗಳಿದರೆ ಒಬ್ಬನೂ ಕೊಳ್ಳುವುದಿಲ್ಲ ಎಂಬುದು ಅವನು ಪೆಟ್ಟು ತಿಂದು ಕಲಿತ ಪಾಠ. ಮೂರು ಗುಣಕ್ಕೆ ಒಂದು ದೋಷ ಹೇಳಬೇಕು. ಆಗ ಓದುವವನಿಗೆ ಪರವಾಗಿಲ್ಲ, ಮನುಷ್ಯ ಪ್ರಾಮಾಣಿಕ ಅನ್ನಿಸುತ್ತದೆ. ಆ ದೋಷವಾದರೂ ಎಂಥದ್ದು? ‘ಅಯ್ಯೋ, ಇಷ್ಟೇನಾ’ ಅನ್ನುವಂಥದ್ದು. ಮೋಟಾರು ಸುಟ್ಟುಹೋಗುತ್ತದೆ ಎನ್ನಬಾರದು, ವೈರು ಗಿಡ್ಡ ಎನ್ನಬೇಕು.

ಅಕ್ಕ ಒಗೆದ ಬಟ್ಟೆ ಮಡಿಸುತ್ತ ಎದುರಿಗೆ ಬಂದು ನಿಂತಳು.

“ಇವತ್ತು ಶಿಶುವಿಹಾರದ ಮೇಡಂ ಫೋನ್ ಮಾಡ್ತಾರೆ ಕಣೋ. ನೆನಪಿದೆ ತಾನೆ?”

“ಇದೆ ಇದೆ.”

“ಊರಿನ ಮಿಕ್ಸಿನೆಲ್ಲಾ ಮಾರ್ತೀಯ. ನನ್ನನ್ನೂ ಒಂದು ಮಾರಿಕೊಡು ನೋಡೋಣ.”

“ನಿನ್ನನ್ನ ಮಾರೋದೇನು ಕಷ್ಟ? ವಾರಂಟಿ ಎಷ್ಟು ವರ್ಷ ಅಂತ ಕೇಳಿದ್ರೆ ಏನು ಹೇಳ್ಲಿ?”

ಅಕ್ಕ ಕೈಲಿದ್ದ ಟವೆಲಿನಿಂದ ಅವನ ತಲೆಗೊಂದು ಕೊಟ್ಟು ನಗುತ್ತಲೇ ಒಳಗೆ ಹೋದಳು. ಅವಳು ಹೀಗೆ ನಕ್ಕು ಬಹಳ ದಿನವಾಗಿತ್ತು.

ಅಕ್ಕನಿಗೆ ಐವತ್ತು ಹತ್ತಿರ. ಮದುವೆ ಬೇಡವೆಂದಳೋ, ಆಗಲೇ ಇಲ್ಲವೋ, ಈಗ ಅದನ್ನು ಕೆದಕುವವರಿಲ್ಲ. ಚಿಕ್ಕ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದಳು, ಆಮೇಲೆ ಹಾಸಿಗೆ ಹಿಡಿದ ಅಮ್ಮನನ್ನು ವರ್ಷಗಟ್ಟಲೆ ನೋಡಿಕೊಂಡಳು. ಅಮ್ಮ ಹೋದ ಮೇಲೂ ಬೆಳಿಗ್ಗೆ ಎದ್ದವಳೇ ಆ ಕೋಣೆಯ ಬಾಗಿಲವರೆಗೆ ಹೋಗಿ, ಅಲ್ಲಿ ಏನೂ ತೋಚದೆ ನಿಂತು, ಹಿಂದಕ್ಕೆ ಬರುತ್ತಿದ್ದಳು. “ಹೀಗೇ ಕೂತ್ರೆ ನನಗೆ ಹುಚ್ಚು ಹಿಡಿಯುತ್ತೆ” ಎಂದು ಕೆಲಸ ಹುಡುಕಲು ಹೊರಟಾಗ ಹೋದಲ್ಲೆಲ್ಲ ಒಂದೇ ಪ್ರಶ್ನೆ: ಮೊದಲು ಎಲ್ಲಿ ಕೆಲಸ ಮಾಡ್ತಿದ್ರಿ? ಮನೆಯಲ್ಲಿ ಎಂದರೆ ಮುಂದಿನ ಪ್ರಶ್ನೆಯೇ ಇರುತ್ತಿರಲಿಲ್ಲ. ಎರಡು ರಸ್ತೆ ಆಚೆಯ ಶಿಶುವಿಹಾರದ ಮೇಡಂ ಮಾತ್ರ, ನಿಮ್ಮನ್ನು ಚೆನ್ನಾಗಿ ಬಲ್ಲವರ ನಂಬರ್ ಕೊಡಿ, ಮಾತಾಡಿ ನೋಡ್ತೀನಿ ಎಂದಿದ್ದರು. ಅಕ್ಕ ತಮ್ಮನ ನಂಬರ್ ಕೊಟ್ಟು ಬಂದಿದ್ದಳು. ಮಾತೇ ಬಂಡವಾಳವಾಗಿರುವ ತಮ್ಮನಿರುವಾಗ ಇನ್ನಾರ ನಂಬರ್ ಕೊಟ್ಟಾಳು?

ಫೋನು ಬಂದಾಗ ಅಕ್ಕ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು.

“ಅವರ ತಮ್ಮ ಅಲ್ವಾ? ನೋಡಿ, ಹೊಗಳಿಕೆ ಬೇಡ. ಪುಟ್ಟ ಮಕ್ಕಳ ವಿಷಯ, ಇದ್ದದ್ದು ಇದ್ದ ಹಾಗೆ ಹೇಳಿ.”

ಹೊಗಳಿಕೆ ಬೇಡ ಎಂದದ್ದೇ ತಡ, ತಮ್ಮನ ಕಿವಿ ನೆಟ್ಟಗಾಯಿತು. ಇಂಥ ಗಿರಾಕಿಗಳು ಅವನಿಗೆ ಗೊತ್ತು.

“ತಾಳ್ಮೆ ಅಂದ್ರೆ ನಮ್ಮಕ್ಕನದು ಮೇಡಂ. ಶುಚಿ ಅಂದ್ರೆ ಶುಚಿ. ಒಂದು ದಿನಾನೂ ಕೆಲಸ ತಪ್ಪಿಸಿದವಳಲ್ಲ.” ಇಲ್ಲಿ ಉಸಿರು ತೆಗೆದುಕೊಂಡು ದನಿ ತಗ್ಗಿಸಿದ. “ಒಂದು ಸಣ್ಣ ದೋಷ ಇದೆ, ಮುಚ್ಚಿಡಲ್ಲ. ಸ್ವಲ್ಪ ಮರೆಗುಳಿ. ಒಲೆ ಮೇಲೆ ಹಾಲಿಟ್ಟು ಮರೆತುಬಿಡ್ತಾಳೆ. ಅಷ್ಟೇ!”

ನಕ್ಕವನು ಅವನೊಬ್ಬನೇ.

“ಓಹೋ. ಸರಿ, ನೇರವಾಗಿ ಹೇಳಿದ್ರಲ್ಲ, ಒಳ್ಳೇದಾಯ್ತು.”

ಮೆಚ್ಚಿಕೊಂಡರು ಎಂದುಕೊಂಡ ತಮ್ಮ. ಅದೇ ಉಮೇದಿನಲ್ಲಿ ಕೆಟಲ್ಲಿಗೂ ‘ವೈರು ಸ್ವಲ್ಪ ಗಿಡ್ಡ’ ಎಂದು ಬರೆದು ಮುಗಿಸಿದ.

ಮಧ್ಯಾಹ್ನ ಮೇಡಂ ಅಕ್ಕನಿಗೇ ಫೋನ್ ಮಾಡಿದರು. ಅಕ್ಕ ನಿಂತೇ ಕೇಳಿಸಿಕೊಂಡಳು. “ಹೌದಾ… ಹಾಗಂದ್ನಾ… ಇರಲಿ ಬಿಡಿ ಮೇಡಂ” ಎಂದಷ್ಟೇ ಹೇಳಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

“ನಾನು ಮರೆಗುಳೀನೇನೋ?”

ತಮ್ಮ ಲ್ಯಾಪ್‌ಟಾಪು ಮುಚ್ಚಿದ. “ಅದು… ಬರೀ ಹೊಗಳಿದ್ರೆ ನಂಬಲ್ಲ ಅಕ್ಕ. ಒಂದು ಸಣ್ಣದು ಹೇಳಿದ್ರೆ ಮಿಕ್ಕಿದ್ದೆಲ್ಲ ನಿಜ ಅನ್ಸುತ್ತೆ.”

“ಹಾಲು ಯಾವತ್ತು ಉಕ್ಕಿತ್ತು, ನೆನಪಿದೆಯಾ?”

ಅವನಿಗೆ ಆಗ ನೆನಪಾಯಿತು. ಅಮ್ಮ ಹೋದ ದಿನ. ಒಲೆಯ ಮೇಲೆ ಹಾಲಿಟ್ಟ ಅಕ್ಕ ಅಮ್ಮನ ಉಸಿರಿನ ಸದ್ದು ಕೇಳಿ ಒಳಗೆ ಓಡಿದವಳು ಮತ್ತೆ ಅಡುಗೆಮನೆಗೆ ಬಂದಿರಲಿಲ್ಲ. ಹಾಲು ಉಕ್ಕಿ, ಬತ್ತಿ, ಪಾತ್ರೆ ಕರಕಲಾಗಿ ಮನೆಯೆಲ್ಲ ಹೊಗೆ ತುಂಬಿತ್ತು. ಇದೇ ಮೇಜಿನ ಎದುರು ಕೂತಿದ್ದ ಅವನು ಕುರ್ಚಿಯಿಂದ ಏಳದೆಯೇ “ಅಕ್ಕಾ, ಹಾಲು!” ಎಂದು ಕೂಗಿದ್ದ.

“ನೀನು ಅಂದಿದ್ದಕ್ಕೆ ಬೇಜಾರಿಲ್ಲ ಕಣೋ” ಎಂದಳು ಅಕ್ಕ. “ದೋಷ ಅಂದ ತಕ್ಷಣ ಅಷ್ಟು ಬೇಗ ಸಿಕ್ಕಿಬಿಡ್ತಲ್ಲ ನಿನಗೆ, ಅದಕ್ಕೆ.”

ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಅಕ್ಕ ಎರಡೂ ಮಾಡದೆ ಮಹಡಿಗೆ ಹೋದಳು. ಒಣಗದ ಬಟ್ಟೆಯನ್ನೇ ತೆಗೆದುಕೊಂಡು ಬಂದು ಮಡಿಸತೊಡಗಿದಳು. ತಮ್ಮ ಫೋನು ಹಿಡಿದು ಬಾಗಿಲಾಚೆ ಹೋದ.

“ಮೇಡಂ, ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ಅಕ್ಕನಿಗೆ ಮರೆವೂ ಇಲ್ಲ, ಏನೂ ಇಲ್ಲ. ನೀವು ನಂಬಲಿ ಅಂತ ಒಂದು ಮಾತು ಸೇರಿಸಿದೆ.”

“ನಂಬಲಿ ಅಂತ ಸುಳ್ಳು ಹೇಳಿದ್ರಾ?”

“ಹೌದು ಮೇಡಂ. ಅಂದ್ರೆ, ಅದೊಂದೇ.”

“ಹಾಗಾದ್ರೆ ಅದಕ್ಕೆ ಮುಂಚೆ ಹೇಳಿದ್ರಲ್ಲ, ತಾಳ್ಮೆ, ಶುಚಿ? ಅವು ಯಾವ ಲೆಕ್ಕಕ್ಕೆ?”

ತಾಳ್ಮೆ ಎಂಬ ಮಾತನ್ನು ಅವನು ಹೋದ ವಾರ ಒಂದು ಪ್ರೆಷರ್ ಕುಕ್ಕರಿಗೂ ಬಳಸಿದ್ದ. ಮೇಡಂ ಕಾದು ನೋಡಿ, ಇನ್ನೊಂದು ಫೋನ್ ಬರ್ತಿದೆ ಎಂದು ಇಟ್ಟುಬಿಟ್ಟರು.

ಮರುದಿನ ಬೆಳಿಗ್ಗೆ ಅಕ್ಕ ಯಾರಿಗೂ ಹೇಳದೆ ಹೊರಟುಹೋದಳು. ಮನೆಯಲ್ಲಿದ್ದವನು ಅವನೊಬ್ಬನೇ, ಅವನಿಗೂ ಹೇಳಲಿಲ್ಲ. ವಾಪಸು ಬಂದಾಗ ಹೊತ್ತು ಏರಿತ್ತು. ಚಪ್ಪಲಿ ಬಿಟ್ಟು, ನೀರು ಕುಡಿದು, ಆಮೇಲೆ ಬಾಯಿಬಿಟ್ಟಳು.

“ಮೇಡಂ ಒಂದು ತಿಂಗಳು ನೋಡ್ತಾರಂತೆ. ಜೊತೆಗೆ ಒಬ್ಬ ಹುಡುಗಿ ಇರ್ತಾಳಂತೆ, ನಾನು ಮರೆತ್ರೆ ನೆನಪಿಸೋದಕ್ಕೆ.”

“ನಿನಗೆ ಕಾವಲಾ? ಬೇಡ ಅನ್ನಬೇಕಿತ್ತು!”

“ನೀನು ಹಚ್ಚಿದ ಮಸಿ. ತೊಳೆಯೋಕೆ ಒಂದು ತಿಂಗಳಾದ್ರೂ ಬೇಡ್ವಾ?”

“ಏನು ಹೇಳಿದೆ ಅವರಿಗೆ?”

“ಹಾಲು ಉಕ್ಕಿದ್ದು ನಿಜ ಅಂದೆ. ಯಾವತ್ತು ಅಂತಾನೂ ಹೇಳ್ದೆ.” ಲೋಟ ತೊಳೆದು ಬೋರಲು ಹಾಕಿದಳು. “ಇನ್ನೇನು ಹೇಳ್ಲಿ? ನಿನ್ನ ಹಾಗೆ ನನಗೆಲ್ಲಿ ಬರುತ್ತೆ ಮಾತು.”

ಕೆಲಸಕ್ಕೆ ಸೇರುವ ದಿನ ತಮ್ಮ ಹಟ ಹಿಡಿದು ಅವಳ ಜೊತೆ ಹೊರಟ. ಬ್ಯಾಗು ತಾನೇ ಹೊತ್ತುಕೊಂಡ. ದಾರಿಯಲ್ಲಿ ಬೇಕರಿಯ ಮುಂದೆ ಬಂದಾಗ ಅಕ್ಕ, ನಿನ್ನ ತಿಂಡಿ ಮುಚ್ಚಿಟ್ಟಿದ್ದೀನಿ, ತಣ್ಣಗಾಗೋದರೊಳಗೆ ತಿನ್ನು ಎಂದಳು. ಶಿಶುವಿಹಾರದ ಗೇಟಿನ ಹತ್ತಿರ ಬ್ಯಾಗು ಕಿತ್ತುಕೊಂಡಳು.

“ನೀನು ಒಳಗೆ ಬರಬೇಡ. ಬಂದ್ರೆ ಏನಾದ್ರೂ ಹೇಳ್ತೀಯ.”

ಅವನು ಹೊರಗೇ ಉಳಿದ. ಗೇಟಿನ ಕಂಬಿಗಳ ಆಚೆ ಅಂಗಳ, ಅದರ ತುದಿಗೆ ಒಂದು ತಗ್ಗು ಬಾಗಿಲು. ಅಕ್ಕ ಬೂದು ಸ್ವೆಟರಿನಲ್ಲಿ ಆ ಬಾಗಿಲ ಪಕ್ಕ ನಿಂತಳು. ಅವಳಿಗಿಂತ ಒಂದು ಹೆಜ್ಜೆ ಹಿಂದೆ ಆ ಹುಡುಗಿ, ಕೈಕಟ್ಟಿಕೊಂಡು. ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಕರೆತಂದು, ಗೇಟಿನಲ್ಲಿ ಬಿಟ್ಟು, ಗಡಿಬಿಡಿಯಲ್ಲಿ ಹೊರಟುಹೋಗುತ್ತಿದ್ದರು.

ಮಗಳ ಕೈ ಹಿಡಿದುಕೊಂಡಿದ್ದ ಒಬ್ಬ ತಾಯಿ ಮಾತ್ರ ಅವನ ಪಕ್ಕದಲ್ಲೇ ನಿಂತುಬಿಟ್ಟಳು. ಮಗುವಿಗೆ ಅದು ಮೊದಲ ದಿನವಿರಬೇಕು, ಕಂಬಿಯನ್ನು ಬಿಡುತ್ತಿರಲಿಲ್ಲ.

“ಆ ಬೂದು ಸ್ವೆಟರಿನವರು ಹೊಸಬರಾ? ನಿಮಗೆ ಗೊತ್ತಾ ಅವರು?”

“ನಮ್ಮಕ್ಕ.”

“ಹೌದಾ? ಹೇಗೆ? ಚೆನ್ನಾಗಿ ನೋಡ್ಕೋತಾರಾ?”

ತಾಳ್ಮೆ ನಾಲಿಗೆಯ ತುದಿಗೆ ಬಂತು, ಶುಚಿಯೂ ಬಂತು. ಎರಡನ್ನೂ ನುಂಗಿಕೊಂಡ.

“ನನ್ನನ್ನ ಸಾಕಿದ್ದು ಅವಳೇ” ಎಂದ.

ಆಕೆ ಅವನನ್ನು ಬಾಚದ ತಲೆಯಿಂದ ಸವೆದ ಚಪ್ಪಲಿಯವರೆಗೆ ಒಮ್ಮೆ ನಿಧಾನವಾಗಿ ನೋಡಿದಳು. ಅವನು ತನಗೇ ಗೊತ್ತಿಲ್ಲದೆ ಶರಟಿನ ಮೇಲಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ. ಆಕೆ ಇನ್ನೂ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಬಗ್ಗಿ, ಮಗುವಿನ ಬೆರಳುಗಳನ್ನು ಕಂಬಿಯಿಂದ ಒಂದೊಂದಾಗಿ ಬಿಡಿಸಿ, ಗೇಟು ತೆರೆದಳು.